ಸೊನ್ನೆ ಬಾರದ ನಮ್ಮ ಅತ್ತಿಗೆ

ನಮ್ಮ ಅತ್ತಿಗೆಗೆ ಒಂದು ರೋಗವಿದೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ರೋಗ. ಬಾಗಿಲ ಮೇಲೆ ‘ತಳ್ಳಿ’ ಎಂದು ಬರೆದಿದ್ದರೆ, ಒಳಗಿನವರು ಆಗಲೇ ಎಳೆದು ತೆರೆದು ನಿಂತಿದ್ದರೂ ಒಮ್ಮೆ ಕೈಯಿಟ್ಟು ತಳ್ಳಿಯೇ ಒಳಗೆ ಹೋಗುತ್ತಾರೆ. ಔಷಧಿ ಬಾಟಲಿಯ ಮೇಲೆ ‘ಚೆನ್ನಾಗಿ ಕುಲುಕಿ’ ಎಂದಿದ್ದರೆ ತೋಳು ಸೋಲುವವರೆಗೆ ಕುಲುಕುತ್ತಾರೆ. ಅಷ್ಟು ಹೊತ್ತಿಗೆ ನನ್ನ ಕೆಮ್ಮು ತಾನಾಗಿಯೇ ನಿಂತಿರುತ್ತದೆ. ಮನೆಯಲ್ಲಿ ನಾವು ಇದನ್ನು ನಗುತ್ತಾ ಸಹಿಸಿಕೊಂಡಿದ್ದೆವು. ಆಸ್ಪತ್ರೆಯವರಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಊರಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ನಾನು ಅದೇ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತೇನೆ. ದಿನವಿಡೀ ಮೇಲಕ್ಕೇ ಹೋಗುತ್ತಿದ್ದರೂ ಬಡ್ತಿ ಸಿಗದ ಕೆಲಸ ಅದು. ಅಣ್ಣ ಟೈಲರ್, ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಮಿಷನ್ನು. ಎರಡು ಸಂಸಾರ, ಒಂದೇ ಮನೆ, ಒಂದೇ ಒಲೆ. ಹಾಗಾಗಿ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಯಾರಾದರೂ ಸೀನಿದರೂ ಸಂಜೆ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಅದರ ಚರ್ಚೆ ನಡೆಯುತ್ತಿತ್ತು.

ಆ ಮೂರನೇ ಮಹಡಿಯಲ್ಲಿ ಕ್ಯಾತ್ ಲ್ಯಾಬ್ ಇದೆ. ಹೃದಯದ ರಕ್ತನಾಳ ಕಟ್ಟಿಕೊಂಡವರನ್ನು ಅಲ್ಲಿ ಮಲಗಿಸಿ, ಮಣಿಕಟ್ಟಿನಿಂದಲೋ ತೊಡೆಸಂದಿಯಿಂದಲೋ ಸಣ್ಣ ತಂತಿ ತೂರಿಸಿ, ಅದು ಎಲ್ಲಿಗೆ ಹೋಯಿತೆಂದು ಎಕ್ಸ್-ರೇ ಪರದೆಯಲ್ಲಿ ನೋಡುತ್ತಲೇ ಅಡ್ಡಿಯನ್ನು ಬಿಡಿಸುತ್ತಾರೆ. ಡಾಕ್ಟರು ಕಾಲಿನಲ್ಲಿ ಪೆಡಲ್ ಒತ್ತಿದಾಗಲೆಲ್ಲ ಕಿರಣ ಹೊರಡುತ್ತದೆ, ರೋಗಿಯ ಮೈಗೆ ತಾಗಿ ಚೆದುರಿ ಸುತ್ತ ನಿಂತವರ ಮೇಲೂ ಬೀಳುತ್ತದೆ. ರೋಗಿಗೆ ಅದು ಜೀವಮಾನಕ್ಕೆ ಒಂದೋ ಎರಡೋ ಸಲ, ನಿಂತವರಿಗೆ ದಿನಾ. ಕಣ್ಣಿಗೆ ಕಾಣದು, ಬಿಸಿ ತಾಗದು, ವಾಸನೆ ಬಾರದು. ಅದಕ್ಕೇ ಮೈಗೆ ಸೀಸದ ಏಪ್ರನ್ನು, ಎದೆಗೊಂದು ಬ್ಯಾಡ್ಜು. ಬೆಂಕಿಪೊಟ್ಟಣದಷ್ಟಿರುವ ಆ ಬ್ಯಾಡ್ಜು ಬಿದ್ದದ್ದನ್ನೆಲ್ಲ ಸದ್ದಿಲ್ಲದೆ ಹೀರಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿ, ಎಷ್ಟು ಹೀರಿದೆ ಎಂದು ಅಳೆಸಿ ತರಿಸುತ್ತಾರೆ. ಮಿತಿ ಮೀರಿದವರನ್ನು ಕೋಣೆಯಿಂದ ಹೊರಗೆ ಹಾಕುತ್ತಾರೆ.

ಬ್ಯಾಡ್ಜುಗಳ ಉಸ್ತುವಾರಿ ನೆಲಮಾಳಿಗೆಯಲ್ಲಿ ಕೂರುವ ಸುರಕ್ಷತಾ ಅಧಿಕಾರಿಯದು. ಮೊದಲು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವರು. ಹಾಲಿಗೆ ಲೀಟರ್ ಇದ್ದ ಹಾಗೆ ವಿಕಿರಣಕ್ಕೆ ಮಿಲಿಸೀವರ್ಟ್ ಎಂದು ಕಂಡಕಂಡವರಿಗೆಲ್ಲ ಪಾಠ ಮಾಡಿ ಮಾಡಿ ಮಿಲಿ ಮೇಷ್ಟ್ರು ಎಂದೇ ಆಗಿಹೋಗಿದ್ದರು. ಅತ್ತಿಗೆ ಕ್ಯಾತ್ ಲ್ಯಾಬಿಗೆ ಬಂದ ದಿನ ಅವರು ಬ್ಯಾಡ್ಜ್ ಕೊಟ್ಟು, “ಸಿಸ್ಟರ್, ಇದನ್ನ ಯಾವ ಕಾರಣಕ್ಕೂ ತೆಗೀಬೇಡಿ” ಎಂದರು.

ಯಾರಿಗೆ ಏನು ಹೇಳುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ. ಅತ್ತಿಗೆ ಅದನ್ನು ಹಾಕಿಕೊಂಡೇ ಮನೆಗೆ ಬಂದರು. ಹಾಕಿಕೊಂಡೇ ಅಡುಗೆ ಮಾಡಿದರು, ತರಕಾರಿ ಕೊಂಡರು, ಮಲಗಿದರು.

“ನನ್ನ ಮುಖ ನೋಡ್ದಾಗ ಎಷ್ಟು ಏರತ್ತೆ ಅದು?” ಎಂದು ಅಣ್ಣ ಕೇಳಿದ.

“ನಿಮ್ಮ ಮುಖ ನೋಡಿ ಏರೋದು ಬಿಪಿ ಮಾತ್ರ ಕಣ್ರೀ.”

ಅಣ್ಣ ಸೋಲುವ ಗಿರಾಕಿಯಲ್ಲ. ಹೆಂಡತಿಯ ಬಟ್ಟೆಗಳಿಗೆಲ್ಲ ಎದೆಯ ಹತ್ತಿರ ಬ್ಯಾಡ್ಜಿಗೆಂದೇ ಒಂದು ಜೇಬು ಹೊಲಿದುಕೊಟ್ಟ, ಗುಂಡಿ ಸಮೇತ. ಜೇಬಿನಲ್ಲಿದ್ದ ಬ್ಯಾಡ್ಜು ಬಟ್ಟೆಯ ಜೊತೆ ನೀರಿಗೆ ಹೋಯಿತು, ಸಾಬೂನು ತಿಂದಿತು, ಹಗ್ಗದ ಮೇಲೆ ಒಣಗಿತು. ‘ಈ ಬ್ಯಾಡ್ಜನ್ನು ಒಗೆದಂತಿದೆ, ದಯವಿಟ್ಟು ಒಗೆಯಬಾರದು’ ಎಂದು ಪ್ರಯೋಗಾಲಯದವರು ಬರೆದು ಕಳಿಸಿದರು. ಮಿಲಿ ಮೇಷ್ಟ್ರು ತಲೆ ಚಚ್ಚಿಕೊಂಡು ಮಾತನ್ನು ತಿದ್ದಿದರು: ಡ್ಯೂಟಿಗೆ ಬಂದಾಗ ಹಾಕಿಕೊಳ್ಳಬೇಕು, ಹೋಗುವಾಗ ತೆಗೆದಿಡಬೇಕು, ತನ್ನದನ್ನು ತಾನೇ ಹಾಕಿಕೊಳ್ಳಬೇಕು, ಇನ್ನೊಬ್ಬರಿಗೆ ಕೊಡಬಾರದು. ಅಂದಿನಿಂದ ಅತ್ತಿಗೆ ಅದನ್ನೇ ಪಾಲಿಸಿದರು. ಕೂದಲೆಳೆಯಷ್ಟೂ ಆಚೀಚೆ ಮಾಡಲಿಲ್ಲ.

ಆ ಕೋಣೆಯಲ್ಲಿ ಹಾಗೆ ನಡೆದುಕೊಳ್ಳುತ್ತಿದ್ದವರು ಅವರೊಬ್ಬರೇ.

ಉಳಿದವರ ಪದ್ಧತಿಯೇ ಬೇರೆ. ಬಟ್ಟೆ ಬದಲಿಸುವ ಕೋಣೆಯ ಕಪಾಟಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬ. ಒಳಗೆ ಹೋಗುವ ಮುಂಚೆ ಡಾಕ್ಟರು, ಟೆಕ್ನಿಷಿಯನ್ನು, ನರ್ಸುಗಳು ಎಲ್ಲರೂ ಬ್ಯಾಡ್ಜ್ ಬಿಚ್ಚಿ ಟಪ್ಪೆಂದು ಅದರೊಳಗೆ ಹಾಕುತ್ತಿದ್ದರು. ಸೀಸದ ಏಪ್ರನ್ ಹೊತ್ತು ಕಿರಣದ ನಡುವೆ ಮನುಷ್ಯರು ನಿಲ್ಲುತ್ತಿದ್ದರು. ಅವರ ಬ್ಯಾಡ್ಜುಗಳು ಡಬ್ಬದಲ್ಲಿ ತಣ್ಣಗೆ ಮಲಗಿರುತ್ತಿದ್ದವು. ಯಾಕೆ ಹೀಗೆ ಎಂದು ನಾನು ಒಮ್ಮೆ ದೊಡ್ಡ ಡಾಕ್ಟರನ್ನೇ ಲಿಫ್ಟಿನಲ್ಲಿ ಕೇಳಿಬಿಟ್ಟೆ.

“ಹಾಕ್ಕೊಂಡ್ರೆ ಮಿತಿ ದಾಟತ್ತೆ. ದಾಟಿದ್ರೆ ನನ್ನನ್ನ ಹೊರಗೆ ಕೂರಿಸ್ತಾರೆ. ಕೆಳಗೆ ಎದೆ ಹಿಡ್ಕೊಂಡು ಬಂದವನಿಗೆ ಯಾರಪ್ಪ ತಂತಿ ಹಾಕ್ತಾರೆ, ನೀನು ಹಾಕ್ತೀಯಾ?” ಎಂದರು.

ಕೆಟ್ಟ ಮನುಷ್ಯ ಅಲ್ಲ ಅವರು. ಕೆಟ್ಟವರಾಗಿದ್ದರೆ ಬೈದು ಹಗುರವಾಗಬಹುದಿತ್ತು.

ಅಳತೆಯ ಫಲಿತಾಂಶ ಬಂದಾಗಲೆಲ್ಲ ಕ್ಯಾತ್ ಲ್ಯಾಬಿನವರಿಗೆಲ್ಲ ಸೊನ್ನೆ, ಅತ್ತಿಗೆಗೆ ಮಾತ್ರ ಅಂಕಿ. ಆ ಅಂಕಿ ಬೆಳೆಯುತ್ತಾ ಹೋಗಿ ಒಂದು ಸಲ ಎಚ್ಚರಿಕೆಯ ಗೆರೆ ಮುಟ್ಟಿತು. ಆಸ್ಪತ್ರೆಯವರು ಗಾಬರಿಬಿದ್ದರು. ಇಷ್ಟೆಲ್ಲ ಕಿರಣ ಎಲ್ಲಿಂದ ಬರುತ್ತಿದೆ ಎಂದು ಗಾಬರಿಯಲ್ಲ. ಈ ಹೆಂಗಸಿಗೇ ಯಾಕೆ ಬೀಳುತ್ತಿದೆ ಎಂದು. ಸೂಪರಿಂಟೆಂಡೆಂಟ್ ಮೇಡಂ, ಮಿಲಿ ಮೇಷ್ಟ್ರು ಮತ್ತು ದೊಡ್ಡ ಡಾಕ್ಟರು ಸೇರಿ ವಿಚಾರಣೆಗೆ ಕೂತರು. ನೀರು, ಕುರ್ಚಿ ಸಾಗಿಸುವ ನೆಪದಲ್ಲಿ ನಾನೂ ಬಾಗಿಲ ಬಳಿ ನಿಂತಿದ್ದೆ.

“ಅಷ್ಟು ಜನ ಇರೋ ಕೋಣೇಲಿ ನಿಮಗೊಬ್ಬರಿಗೇ ಯಾಕೆ ಬೀಳತ್ತೆ?” ಎಂದು ಮೇಡಂ ಕೇಳಿದರು.

“ಎಲ್ಲರಿಗೂ ಬೀಳತ್ತೆ ಮೇಡಂ. ನನ್ನ ಬ್ಯಾಡ್ಜ್ ಎದೆ ಮೇಲಿರತ್ತೆ, ಅವರದ್ದು ಡಬ್ಬದಲ್ಲಿರತ್ತೆ.”

ದೊಡ್ಡ ಡಾಕ್ಟರು ಮೇಜಿನ ಮೇಲಿನ ಪೆನ್ನನ್ನು ಬಹಳ ಆಸಕ್ತಿಯಿಂದ ನೋಡಿದರು. ಡಬ್ಬವನ್ನು ತರಿಸಲಾಯಿತು. ಮಿಲಿ ಮೇಷ್ಟ್ರು ಮುಚ್ಚಳ ತೆಗೆದರು, ಇಣುಕಿದರು, ಎಣಿಸಿದರು, ಮೂಸಿಯೂ ನೋಡಿದರು. ಕೊನೆಗೆ ತಲೆಯೆತ್ತಿ, “ಬ್ಯಾಡ್ಜ್‌ಗಳನ್ನ ಒಂದು ನಿಗದಿತ ಜಾಗದಲ್ಲಿ ಇಡಬೇಕು ಅಂತ ನಿಯಮ ಇದೆ ಮೇಡಂ. ಇಟ್ಟಿದ್ದಾರೆ. ಚೆನ್ನಾಗಿಯೇ ಇಟ್ಟಿದ್ದಾರೆ” ಎಂದರು. ಆ ಡಬ್ಬಕ್ಕೆ ಒಂದು ಚೀಟಿ ಅಂಟಿಸಿ, ಮೊಹರು ಒತ್ತಿ, ಗೌರವದಿಂದ ಕಪಾಟಿಗೆ ವಾಪಸು ಕಳಿಸಿದರು.

ಆಮೇಲೆ ಅತ್ತಿಗೆಯ ತಪಾಸಣೆ. ಮೈಮೇಲೆ ಎಷ್ಟು ಒಡವೆ ಹಾಕುತ್ತೀರಿ, ಚಿನ್ನ ಎಳೆಯುತ್ತದೋ ಏನೋ. ಎತ್ತರ ಎಷ್ಟು. ಬೇಗ ನೆಗಡಿಯಾಗುತ್ತದೆಯೇ. ಕ್ಯಾತ್ ಲ್ಯಾಬಿಗೇ ಕರೆದುಕೊಂಡು ಹೋಗಿ, ರೋಗಿಯ ಬದಲು ಸುರುಳಿ ಸುತ್ತಿದ ಹಾಸಿಗೆಯನ್ನು ಮಲಗಿಸಿ, ದಿನಾ ನಿಲ್ಲುವ ಹಾಗೆ ನಿಂತು ತೋರಿಸಿ ಎಂದರು. ಅತ್ತಿಗೆ ನಿಂತರು. ಹಾಸಿಗೆಗೆ ಧೈರ್ಯವನ್ನೂ ಹೇಳಿದರು. ದಿನಾ ಹೇಳುವ ಮಾತಲ್ಲವೇ.

“ನೋಡಿ, ನೀವು ರೋಗಿ ಕಡೆ ವಾಲ್ತೀರಿ. ಅದೇ ತಪ್ಪು,” ಎಂದರು ಮೇಷ್ಟ್ರು.

“ವಾಲದೆ ಡಾಕ್ಟರ ಕೈಗೆ ತಂತಿ ಹೆಂಗೆ ಕೊಡೋದು ಸಾರ್?”

“ಸ್ವಲ್ಪ ಮನಸ್ಸಿನಲ್ಲೇ ವಾಲಿ.”

ತೀರ್ಮಾನ ಹೊರಬಿತ್ತು: ಕೋಣೆಯಲ್ಲಿ ದೋಷವಿಲ್ಲ, ಯಂತ್ರದಲ್ಲಿ ದೋಷವಿಲ್ಲ, ವಿಕಿರಣವನ್ನು ಮೈಗೆ ಹಚ್ಚಿಕೊಳ್ಳುವುದು ಈ ಸಿಸ್ಟರ್‌ನ ವೈಯಕ್ತಿಕ ಸ್ವಭಾವ. ಆದ್ದರಿಂದ ಅವರ ಆರೋಗ್ಯದ ಹಿತದೃಷ್ಟಿಯಿಂದ ನೆಲ ಅಂತಸ್ತಿನ ಬಟ್ಟೆ ಕೋಣೆಗೆ ವರ್ಗ. ಇನ್ನು ಮುಂದೆ ಕ್ಯಾತ್ ಲ್ಯಾಬಿಗೆ ಕಾಲಿಡಬಾರದು. ಹೊದಿಕೆ, ದಿಂಬಿನ ಚೀಲಗಳಿಂದ ಕಿರಣ ಬರುವುದಿಲ್ಲವಾದ್ದರಿಂದ ಬ್ಯಾಡ್ಜನ್ನೂ ವಾಪಸು ತೆಗೆದುಕೊಂಡರು. ಅಣ್ಣ ಮನೆಯಲ್ಲಿ ಕೂತು ಆ ಜೇಬುಗಳನ್ನೆಲ್ಲ ಬ್ಲೇಡಿನಿಂದ ಬಿಚ್ಚಿದ. ಎರಡು ದಿನ ಅತ್ತಿಗೆಯ ಅಡುಗೆಯಲ್ಲಿ ಉಪ್ಪು ಹೆಚ್ಚಾಗಿತ್ತು.

ಅತ್ತಿಗೆ ಕೆಳಗಿಳಿದ ಮೇಲೆ ಬಂದ ಫಲಿತಾಂಶ ನೋಡಬೇಕಿತ್ತು. ಕ್ಯಾತ್ ಲ್ಯಾಬಿನಲ್ಲಿ ಎಲ್ಲರಿಗೂ ಸೊನ್ನೆ. ಒಂದೇ ಒಂದು ಅಂಕಿಯಿಲ್ಲ. ಯಂತ್ರ ಹಿಂದಿನಷ್ಟೇ ಓಡುತ್ತಿತ್ತು, ಪೆಡಲ್ ಹಿಂದಿನಷ್ಟೇ ತುಳಿಯುತ್ತಿದ್ದರು, ಆದರೆ ವಿಕಿರಣ ಇಲ್ಲವೇ ಇಲ್ಲ. ಅತ್ತಿಗೆಯೇ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಟ್ಟೆ ಕೋಣೆಗೆ ಒಯ್ದರೇನೋ ಎಂಬಂತೆ! ಮೇಡಂ ಸಿಹಿ ಹಂಚಿದರು. ಮೇಲಿನವರಿಂದ ‘ವಿಕಿರಣಮುಕ್ತ ಕಾರ್ಯಸ್ಥಳ’ ಎಂಬ ಪ್ರಶಸ್ತಿಪತ್ರ ಬಂತು. ಅದಕ್ಕೆ ಚೌಕಟ್ಟು ಹಾಕಿಸಿ ಎಲ್ಲರ ಕಣ್ಣಿಗೂ ಬೀಳಲೆಂದು ನನ್ನ ಲಿಫ್ಟಿನಲ್ಲೇ ತೂಗುಹಾಕಿದರು. ಬಿರುಕು ಬಿಟ್ಟ ಹಳೆಯ ಏಪ್ರನ್‌ಗಳ ಬದಲು ಹೊಸದು ತರಿಸುವ ಬೇಡಿಕೆಯನ್ನು, ಇಲ್ಲದ ಕಿರಣಕ್ಕೆ ಏಪ್ರನ್ ಯಾಕೆ ಎಂದು ತಳ್ಳಿಹಾಕಿದರು. ನಾನು ಆ ಚೌಕಟ್ಟನ್ನು ಬೆಳಗಿನಿಂದ ಸಂಜೆವರೆಗೆ ಮೇಲೆ ಕೆಳಗೆ ಹೊತ್ತು ತಿರುಗಿದೆ.

ಇಷ್ಟರವರೆಗೆ ನನಗೂ ಇದೆಲ್ಲ ತಮಾಷೆಯೇ ಆಗಿತ್ತು. ಆಮೇಲೆ ಅದು ನನ್ನ ಮಗಳ ಬುಡಕ್ಕೆ ಬಂತು.

ನನ್ನ ಮಗಳೂ ನರ್ಸ್. ದೊಡ್ಡಮ್ಮನ ಬಿಳಿ ಬಟ್ಟೆ ನೋಡಿಯೇ ಬೆಳೆದವಳು, ಅದೇ ಆಸ್ಪತ್ರೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು, ಇನ್ನೂ ಖಾಯಂ ಆಗಿರಲಿಲ್ಲ. ಮದುವೆಯಾದ ಮೇಲೆ ಒಮ್ಮೆ ಅವಳಿಗೆ ಗರ್ಭ ನಿಂತು ಉಳಿಯದೆ ಹೋಗಿತ್ತು. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ, ಅಣ್ಣನ ಮಿಷನ್ನೂ ಸದ್ದು ಮಾಡಿರಲಿಲ್ಲ. ಈಗ ಮತ್ತೆ ಬಸುರಿ. ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ ಇಳಿಸುವ ಕೆಲಸ ಕಷ್ಟ, ಹಗುರವಾದ ಕಡೆ ಹಾಕಿ ಎಂದು ಅವಳು ಮೇಡಂ ಬಳಿ ಕೇಳಿಕೊಂಡಳು.

ಮೇಡಂ ಕರುಣಾಮಯಿ. ನಿಜವಾಗಿಯೂ. ಆಸ್ಪತ್ರೆಯಲ್ಲೆಲ್ಲ ಬಸುರಿ ಹೆಂಗಸಿಗೆ ಅತ್ಯಂತ ಸುರಕ್ಷಿತವಾದ ಜಾಗ ಯಾವುದೆಂದು ತಾವೇ ಕೂತು ಯೋಚಿಸಿದರು. ಬೇರೆ ಯಾವ ಕೋಣೆಯಲ್ಲೂ ಅಪಾಯವನ್ನು ಅಳೆದವರೇ ಇಲ್ಲ. ಅಳೆದು, ಸೊನ್ನೆ ಎಂದು ಸಾಬೀತಾಗಿ, ಪ್ರಶಸ್ತಿಯನ್ನೂ ಪಡೆದ ಜಾಗ ಇಡೀ ಕಟ್ಟಡದಲ್ಲಿ ಒಂದೇ. ನನ್ನ ಮಗಳನ್ನು ಕ್ಯಾತ್ ಲ್ಯಾಬಿಗೆ ಹಾಕಿದರು, ಅದೂ ಅತ್ತಿಗೆ ನಿಲ್ಲುತ್ತಿದ್ದ ಜಾಗಕ್ಕೇ.

ಲಿಫ್ಟನ್ನು ಅಲ್ಲೇ ಬಿಟ್ಟು ಮೇಡಂ ಕೋಣೆಗೆ ಓಡಿದೆ. ಮಿಲಿ ಮೇಷ್ಟ್ರೂ ಅಲ್ಲೇ ಇದ್ದರು.

“ಸಾರ್, ಬಸುರಿ ಹೆಂಗಸನ್ನ ಕಿರಣ ಇರೋ ಕಡೆ ಹಾಕಬಹುದಾ?”

“ಖಂಡಿತಾ ಹಾಕಬಾರದು. ಹೊಟ್ಟೇಲಿರೋ ಮಗುವಿಗೆ ಮಿತಿ ತುಂಬಾ ಕಡಿಮೆ. ತಿಳಿದ ತಕ್ಷಣ ಅಲ್ಲಿಂದ ತೆಗೀಬೇಕು,” ಎಂದರು ಮೇಷ್ಟ್ರು.

“ಮತ್ತೆ ನನ್ನ ಮಗಳನ್ನ ತೆಗೀರಿ.”

“ಎಲ್ಲಿಂದ? ಅಲ್ಲಿ ಕಿರಣ ಇಲ್ವಲ್ಲಪ್ಪ. ಇರೋ ಜಾಗದಿಂದ ತೆಗೆಯೋಕೆ ನಿಯಮ ಇದೆ, ಇಲ್ಲದ ಜಾಗದಿಂದ ತೆಗೆಯೋಕೆ ಇಲ್ಲ.”

“ಇದೆ ಸಾರ್! ಆಸ್ಪತ್ರೆ ಬೆಕ್ಕಿಗೂ ಗೊತ್ತು ಇದೆ ಅಂತ!”

“ಹಾಗಾದ್ರೆ ನಿನ್ನ ಮಗಳು ಬ್ಯಾಡ್ಜ್ ಹಾಕ್ಕೊಂಡು ನಿಲ್ಲಲಿ. ಇದ್ರೆ ಮೂರು ತಿಂಗಳಲ್ಲಿ ತಾನಾಗೇ ಗೊತ್ತಾಗತ್ತೆ.”

“ಮಗುವಿಗೆ ಬಿದ್ದಾದ ಮೇಲೆ ಗೊತ್ತಾಗಿ ಏನು ಬಂತು ಸಾರ್?”

ಮೇಷ್ಟ್ರು ಸ್ವಲ್ಪ ಯೋಚಿಸಿದರು. “ದಾಖಲೆಗೆ ಒಳ್ಳೇದು” ಎಂದರು. ಮೇಡಂ ನನಗೆ ಒಂದು ಲೋಟ ನೀರು ಕೊಟ್ಟು, ಮಗಳ ಬಗ್ಗೆ ಇಷ್ಟು ಆತಂಕ ಒಳ್ಳೆಯದಲ್ಲ ಎಂದು ಸಮಾಧಾನ ಹೇಳಿ ಕಳಿಸಿದರು. ಇಬ್ಬರಲ್ಲಿ ಒಬ್ಬರಾದರೂ ದುಷ್ಟರಾಗಿದ್ದರೆ ಜಗಳವಾದರೂ ಆಡುತ್ತಿದ್ದೆ.

ಆ ಸಂಜೆ ಮನೆಯಲ್ಲಿ ಮಗಳು ಗೋಡೆಗೊರಗಿ ಕೂತಿದ್ದಳು, ಕೈ ಹೊಟ್ಟೆಯ ಮೇಲೆ. ಕೆಲಸ ಬಿಟ್ಟುಬಿಡು ಎಂದೆ. ಬಿಟ್ಟರೆ ಇನ್ನೊಂದು ಸಿಗುವುದಿಲ್ಲ, ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಆಗಲೇ ಎಷ್ಟೋ ಕಾಲವಾಯಿತು ಎಂದಳು. ಅತ್ತಿಗೆ ಈರುಳ್ಳಿ ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟರು.

“ನಾಳೆಯಿಂದ ನೀನು ಬಟ್ಟೆ ಕೋಣೆಗೆ ಹೋಗಿ ಹೊದಿಕೆ ಮಡಿಸು. ಮೇಲೆ ನಾನು ಹೋಗ್ತೀನಿ.”

“ದೊಡ್ಡಮ್ಮ! ನೀವು ಅಲ್ಲಿ ಕಾಲಿಡಬಾರದು ಅಂತ ಆರ್ಡರ್ ಇದೆಯಲ್ಲ!”

“ಆರ್ಡರ್ ಇರೋದು ನನ್ನ ಹೆಸರಿಗೆ. ಟೋಪಿ, ಮಾಸ್ಕು, ಏಪ್ರನ್ನು ಹಾಕ್ಕೊಂಡ ಮೇಲೆ ಹೆಸರೆಲ್ಲಿ ಕಾಣತ್ತೆ?”

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ‘ತಳ್ಳಿ’ ಎಂದರೆ ತಳ್ಳುವ ಹೆಂಗಸು ಈ ಮಾತಾಡುತ್ತಿದ್ದರು. ಮುಂದಿನ ಕೋಣೆಯಲ್ಲಿ ಅಣ್ಣನ ಮಿಷನ್ನು ನಿಂತಿತು. ಅವನು ಬಾಗಿಲಿಗೆ ಬಂದು ನಿಂತ.

“ನಿನಗೆ ಆಗಲೇ ಜಾಸ್ತಿ ಬಿದ್ದಿದೆಯಲ್ಲೇ,” ಎಂದ. ಅವನು ಹೆಂಡತಿಯ ಹತ್ತಿರ ತಮಾಷೆಯಿಲ್ಲದೆ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನನಗೇನು ಇನ್ನು ಹೆರೋದಿದೆಯಾ?” ಎಂದರು ಅತ್ತಿಗೆ.

ಮಗಳು ಅಳುತ್ತಾ, ಹಾಗಿದ್ದರೆ ನನ್ನ ಬ್ಯಾಡ್ಜನ್ನಾದರೂ ನೀವೇ ಹಾಕಿಕೊಳ್ಳಿ, ಎಷ್ಟು ಬಿತ್ತೆಂದು ಗೊತ್ತಾಗಲಿ ಎಂದಳು. ಅತ್ತಿಗೆ ಹೌಹಾರಿದರು. “ಅಯ್ಯೋ, ಇನ್ನೊಬ್ಬರದ್ದು ಹಾಕ್ಕೋಬಾರದು ಕಣೇ, ಅದು ತಪ್ಪು. ನಿನ್ನದು ನಿನ್ನ ಎದೆ ಮೇಲೇ ಇರಬೇಕು.”

ಮರುದಿನದಿಂದ ನಾಟಕ ಶುರುವಾಯಿತು. ಮಗಳು ಬಟ್ಟೆ ಕೋಣೆಯಲ್ಲಿ ಬ್ಯಾಡ್ಜ್ ಸಿಕ್ಕಿಸಿಕೊಂಡು ಹೊದಿಕೆ ಮಡಿಸುತ್ತಿದ್ದಳು. ಅತ್ತಿಗೆಯನ್ನು ನಾನು ಲಿಫ್ಟಿನಲ್ಲಿ ಮೇಲೆ ಬಿಡುತ್ತಿದ್ದೆ; ಪ್ರಶಸ್ತಿಪತ್ರದ ಕೆಳಗೆ ನಿಂತು ಅವರು ಮಾಸ್ಕ್ ಕಟ್ಟಿಕೊಳ್ಳುತ್ತಿದ್ದರು. ಕೋಣೆಯೊಳಗೆ ಬಾಯಿ ಬಿಡುವ ಹಾಗಿರಲಿಲ್ಲ, ದನಿ ಕೇಳಿದರೆ ಗುಟ್ಟು ರಟ್ಟು. ಆದರೆ ಕೈಗಳನ್ನು ಎಲ್ಲಿ ಬಚ್ಚಿಡುವುದು? ಮೊದಲ ದಿನವೇ ದೊಡ್ಡ ಡಾಕ್ಟರು ಕೇಳುವ ಮುಂಚೆ ಬೇಕಾದ ತಂತಿ ಅವರ ಅಂಗೈಯಲ್ಲಿತ್ತು. ಅವರು ಪೆಡಲಿನಿಂದ ಕಾಲು ತೆಗೆದು, ಮಾಸ್ಕಿನ ಮೇಲಿನ ಆ ಎರಡು ಕಣ್ಣುಗಳನ್ನು ಸ್ವಲ್ಪ ಹೊತ್ತು ನೋಡಿದರಂತೆ.

“ಹೊಸ ಸಿಸ್ಟರ್ ಬಹಳ ಬೇಗ ಕಲಿತುಬಿಟ್ರು,” ಎಂದಷ್ಟೇ ಹೇಳಿದರಂತೆ. ಚಾವಣಿಯಿಂದ ಇಳಿಬಿದ್ದ ಒಂದು ಸೀಸದ ಗಾಜಿದೆ ಅಲ್ಲಿ, ಕಿರಣ ತಡೆಯುವುದು. ಮೊಣಕೈಗೆ ತಾಗುತ್ತದೆಂದು ಅವರು ಅದನ್ನು ಯಾವಾಗಲೂ ಮೂಲೆಗೆ ತಳ್ಳಿಡುತ್ತಿದ್ದರು. ಅಂದು ಅದನ್ನು ಕೆಳಗೆಳೆದು ಅತ್ತಿಗೆಯ ಕಡೆಗೆ ತಿರುಗಿಸಿಟ್ಟರು. ಮತ್ತೆ ಮೂಲೆಗೆ ತಳ್ಳಲಿಲ್ಲ.

ಫಜೀತಿಗಳೂ ಆದವು. ಒಂದು ದಿನ ಮೇಡಂ ಕ್ಯಾತ್ ಲ್ಯಾಬಿನ ಬಾಗಿಲಲ್ಲೇ ಸಿಕ್ಕಿ, ಪ್ರೀತಿಯಿಂದ, “ಎಷ್ಟು ತಿಂಗಳಮ್ಮ ಈಗ?” ಎಂದು ಕೇಳಿದರು. ಅತ್ತಿಗೆಗೆ ಬಾಯಿ ಬಿಡುವ ಹಾಗಿಲ್ಲ, ಸುಳ್ಳು ಹೇಳಿ ಅಭ್ಯಾಸವಿಲ್ಲ. ಕೈ ಬೆರಳು ಮಡಿಸಿ ಮಗಳ ತಿಂಗಳನ್ನು ತೋರಿಸಿದರು. “ಚೆನ್ನಾಗಿ ತಿನ್ನಬೇಕು, ಹೊಟ್ಟೇನೇ ಕಾಣಿಸ್ತಿಲ್ಲ,” ಎಂದು ಮೇಡಂ ಆ ಸೀಸದ ಏಪ್ರನ್ನಿನ ಮೇಲೆ ಮೆಲ್ಲಗೆ ತಟ್ಟಿದರು. ಮುಟ್ಟು ನಿಂತು ಎಷ್ಟೋ ವರ್ಷವಾಗಿದ್ದ ನಮ್ಮ ಅತ್ತಿಗೆ ತಲೆಬಗ್ಗಿಸಿ ನಾಚಿಕೊಂಡರು. ಮನೆಯಲ್ಲಿ ಇದನ್ನು ಕೇಳಿ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಅಲ್ಲೇ ನಿಂತ.

ಫಲಿತಾಂಶ ಬಂದ ದಿನ ಮಿಲಿ ಮೇಷ್ಟ್ರು ನನ್ನನ್ನು ಹುಡುಕಿಕೊಂಡೇ ಲಿಫ್ಟಿಗೆ ಬಂದರು. ಮುಖ ಅರಳಿತ್ತು.

“ನೋಡಪ್ಪ, ನಿನ್ನ ಮಗಳದ್ದು. ಸೊನ್ನೆ! ಸುಮ್ಮನೆ ಅವತ್ತು ಕೂಗಾಡಿದೆ.”

ಅವರು ತೋರಿಸಿದ ಆ ಸೊನ್ನೆಯನ್ನು ನಾನು ನೋಡಿದೆ. ಆ ಕೋಣೆಯ ಹೆಸರಿನಲ್ಲಿ ಇಷ್ಟು ವರ್ಷ ಬಂದ ಸೊನ್ನೆಗಳಲ್ಲಿ ಸತ್ಯವಾದದ್ದು ಅದೊಂದೇ. “ಹೌದು ಸಾರ್, ನನ್ನದೇ ತಪ್ಪು” ಎಂದು ಅವರನ್ನು ನೆಲಮಾಳಿಗೆಗೆ ಇಳಿಸಿಬಂದೆ.

ಮಗಳು ರಜೆಗೆ ಹೋಗುವ ದಿನದವರೆಗೂ ಅತ್ತಿಗೆ ಅಲ್ಲೇ ನಿಂತರು. ಆಮೇಲೆ ಏನೂ ಆಗದವರಂತೆ ಬಟ್ಟೆ ಕೋಣೆಗೆ ಮರಳಿ, ಮಗಳು ಮಡಿಸಿಟ್ಟಿದ್ದ ಹೊದಿಕೆಗಳ ಅಂಚು ಸರಿಯಾಗಿ ಕೂತಿಲ್ಲವೆಂದು ಎಲ್ಲವನ್ನೂ ಬಿಚ್ಚಿ ಮತ್ತೆ ಮಡಿಸಿದರು. ಹೆಣ್ಣು ಮಗು ಹುಟ್ಟಿತು. ಕೈಕಾಲು ಬೆರಳುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದೆವು, ಎಲ್ಲ ಸರಿಯಾಗಿದ್ದವು. ದನಿಯಂತೂ ನನ್ನ ಲಿಫ್ಟಿನ ಗಂಟೆಗಿಂತ ಜೋರು.

ಮೊನ್ನೆ ರಜೆಯ ದಿನ ಅತ್ತಿಗೆ ಕಿಟಕಿಯ ಪಕ್ಕ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದರು. ನನಗೆ ತಡೆಯಲಾಗಲಿಲ್ಲ, ಕೇಳಿಬಿಟ್ಟೆ.

“ಅತ್ತಿಗೆ, ಅಷ್ಟು ತಿಂಗಳು ನಿಂತಿರಲ್ಲ. ನಿಮಗೆ ಎಷ್ಟು ಬಿದ್ದಿರಬಹುದು?”

ಅವರು ಎಲ್ಲದರ ಬಗ್ಗೆ ಯೋಚಿಸುವ ಹಾಗೆ ಇದರ ಬಗ್ಗೆಯೂ ನಿಜವಾಗಿ ಯೋಚಿಸಿದರು.

“ಗೊತ್ತಿಲ್ಲ ಕಣೋ. ನನ್ನ ಹತ್ರ ಬ್ಯಾಡ್ಜ್ ಇರಲಿಲ್ವಲ್ಲ,” ಎಂದರು. ಆಮೇಲೆ ಮಗುವಿನ ಮುಖದ ಮೇಲೆ ಅಂಗೈ ಅಡ್ಡ ಹಿಡಿದು, “ಇವಳ ಕಣ್ಣಿಗೆ ಬಿಸಿಲು ಬೀಳ್ತಿದೆ, ಆ ಪರದೆ ಸ್ವಲ್ಪ ಎಳಿ,” ಎಂದರು.

ನಾನು ಎದ್ದು ಪರದೆ ಎಳೆದೆ.